ನಾನೂರನಾಲ್ಕರ ಮುಂದಿನ ಸೀಟು

ಜನವರಿ ೧೧, ಶುಕ್ರವಾರ

ಸ್ಫಾಕ್ಸ್‌ನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಸಂಜೆ ಮನೆಗೆ ಬಂದೆವು. ಔಷಧಿ ಅಂಗಡಿಯವನು ಹೊಸ ವರ್ಷದ್ದೆಂದು ಈ ಡೈರಿಯನ್ನು ಪುಕ್ಕಟೆ ಕೊಟ್ಟ. ನನ್ನ ಗಂಡ ಜಿಲಾನಿಯ ಕಣ್ಣಿಗೆ ಹನಿ ಹಾಕಿದ್ದನ್ನು ಇದರಲ್ಲಿ ಬರೆದಿಡಬೇಕಂತೆ. ಬೆಳಿಗ್ಗೆ ಒಂದು, ಸಂಜೆ ಒಂದು. ಸರಿ, ಇವತ್ತಿನದು: ಸಂಜೆ ಹಾಕಿದೆ.

ಡಾಕ್ಟರು ಸುತ್ತು ಬಳಸಿ ಮಾತಾಡುವವರಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಬದಿಯ ನೋಟ ಆಗಲೇ ಹೋಗಿದೆ, ನಡುವಿನದಷ್ಟೇ ಉಳಿದಿದೆ. ಹನಿ ತಡೆಯುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಬೇಸಿಗೆಯ ಹೊತ್ತಿಗೆ ಎಷ್ಟು ಇರುತ್ತದೋ ಹೇಳಲಾರೆ, ನೋಡಬೇಕು ಅಂದುಕೊಂಡಿದ್ದನ್ನು ಈಗಲೇ ನೋಡಿಬಿಡಿ ಎಂದರು.

ಗಂಡ ಮಕ್ಕಾ ಅನ್ನುತ್ತಾನೋ, ಫ್ರಾನ್ಸಿನಲ್ಲಿರುವ ತಮ್ಮನನ್ನು ನೋಡಬೇಕು ಅನ್ನುತ್ತಾನೋ ಎಂದು ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಊಟಕ್ಕೆ ಕೂತಾಗ ಹೇಳಿದ:

"ನಾನೂರನಾಲ್ಕನ್ನ ಒಂದ್ಸಲ ಊರಂಚಿನ ಬುರ್ಜಿನ ತನಕ ಓಡಿಸ್ಬೇಕು. ಕಣ್ಣಿರೋವಾಗ್ಲೇ. ನೀನು ಮುಂದಿನ ಸೀಟಲ್ಲಿ ಕೂತ್ಕೋ."

"ಯಾವ ನಾನೂರನಾಲ್ಕು? ಆ ಕೋಳಿಗೂಡಾ?" ಎಂದೆ.

ನಗಲಿಲ್ಲ. ಮೀನಿನ ಮುಳ್ಳು ತೆಗೆಯುತ್ತಾ ಕೂತ.

ಜನವರಿ ೧೩

ಹನಿ: ಬೆಳಿಗ್ಗೆ, ಸಂಜೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅಂಗಳದ ಮೂಲೆಯಲ್ಲಿ ಅಂಜೂರದ ಮರದಡಿ ಆ ಪೆಜೋ ನಾನೂರನಾಲ್ಕು ಗಾಡಿ ಬಿದ್ದುಕೊಂಡು ಯಾವ ಕಾಲವಾಯಿತು! ಉದ್ದನೆಯ ಬೆನ್ನಿನ, ಮೂರು ಸಾಲು ಸೀಟಿನ ಗಾಡಿ. ಹೊಸ ವ್ಯಾನುಗಳು ಬಂದ ವರ್ಷ ತಂದು ನಿಲ್ಲಿಸಿದವನು ಇವತ್ತಿನವರೆಗೂ ಅಲುಗಿಸಿಲ್ಲ. ಮಾರು ಎಂದರೆ ಮಾರಲಿಲ್ಲ, ತೆಗೆ ಎಂದರೆ ತೆಗೆಯಲಿಲ್ಲ. ಸಮುದ್ರದ ಗಾಳಿ ಬಾಗಿಲಿನ ಕೆಳಭಾಗವನ್ನು ತಿಂದಿದೆ. ಹಿಂದಿನ ಗಾಜಿಲ್ಲ. ನನ್ನ ಕಂದು ಕೋಳಿ ಅಲ್ಲೇ ಮೊಟ್ಟೆಯಿಡುತ್ತದೆ. ಆ ಗಾಡಿಯಿಂದ ನನಗೆ ಸಿಕ್ಕ ಲಾಭ ಅದೊಂದೇ.

ಅದು ನಮ್ಮೂರು ಶೆಬ್ಬಾಕ್ಕೂ ಸ್ಫಾಕ್ಸ್‌ಗೂ ಓಡುತ್ತಿದ್ದ ಬಾಡಿಗೆಯ ಲುವಾಜ್ ಗಾಡಿ. ಲುವಾಜ್‌ಗೆ ಗಡಿಯಾರವಿಲ್ಲ, ಸೀಟು ತುಂಬಿದಾಗ ಹೊರಡುತ್ತದೆ. ಸ್ಟ್ಯಾಂಡಿನಲ್ಲಿ ನಿಂತು "ಕೊನೆಯವನೊಬ್ಬ ಬರ್ಲಿ" ಎನ್ನುತ್ತಾ ಇವನು ಆಯುಷ್ಯ ಕಳೆದ. ಆ ಕೊನೆಯವನಿಗಾಗಿ ನನ್ನ ಕುಸ್ಕುಸ್ ಎಷ್ಟು ಸಲ ಆರಿ ಹೋಗಿದೆಯೋ. ನಾನೋ, ತಡ ಎಂದರೆ ಮೈಯೆಲ್ಲಾ ಉರಿಯುವವಳು.

ಮುಂದಿನ ಸೀಟಂತೆ. ಬೆಂಚಿನ ಹಾಗೆ ಉದ್ದಕ್ಕಿರುವ ಆ ಸೀಟಿಗೆ ಎಲ್ಲರಿಗಿಂತ ಮೊದಲು ಗಿರಾಕಿ ಬರುತ್ತಿತ್ತು. ನಮ್ಮ ತಂಗಿಯ ಮದುವೆಗೆ ಹೋಗುವಾಗಲೂ ನಾನು ಹಿಂದಿನ ಸಾಲಿನಲ್ಲಿ ಆಲಿವ್ ಎಣ್ಣೆಯ ಡಬ್ಬಗಳ ನಡುವೆ ಕೂತು ಹೋದವಳು.

ಜನವರಿ ೨೦

ಹನಿ: ಬೆಳಿಗ್ಗೆ, ಸಂಜೆ.

ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಬೂರಾವಿಯನ್ನು ಕರೆಸಿದ್ದಾನೆ. ನನ್ನನ್ನು ಒಂದು ಮಾತು ಕೇಳಿಲ್ಲ. ಬೂರಾವಿ ನನಗಿಂತ ಹತ್ತು ವರ್ಷ ಚಿಕ್ಕವನಿದ್ದರೆ ಹೆಚ್ಚು, ಆದರೂ ಖಾಲ್ತಿ, ಖಾಲ್ತಿ ಎಂದು ನನ್ನನ್ನು ಅತ್ತೆ ಚಿಕ್ಕಮ್ಮಂದಿರ ಸಾಲಿಗೆ ಸೇರಿಸುತ್ತಾನೆ, ಜಿಲಾನಿಯನ್ನು ಅಮ್ಮಿ, ಅಂದರೆ ಚಿಕ್ಕಪ್ಪ, ಎನ್ನುತ್ತಾನೆ. ಬಾನೆಟ್ ಎತ್ತಿ, ಸಿಗರೇಟು ಹಚ್ಚಿ, ವೈದ್ಯರ ಹಾಗೆ ತಲೆ ಆಡಿಸಿದ.

"ಎಂಜಿನ್ ಹಿಡ್ಕೊಂಡ್ಬಿಟ್ಟಿದೆ, ಅಮ್ಮಿ ಜಿಲಾನಿ. ಗಾಳಿ ಡಬ್ಬಿಲಿ ಇಲಿ ಸಂಸಾರ ಮಾಡಿದೆ. ಟ್ಯಾಂಕಲ್ಲಿ ತುಕ್ಕಿನ ಪಾಯಸ. ಆದ್ರೆ ನಾನಿದೀನಲ್ಲ. ಮುಳುಗಿದ್ ದೋಣಿನೇ ಎಬ್ಬಿಸಿದೀನಿ."

"ಅದು ಮತ್ತೆ ಮುಳುಗ್ತಲ್ಲಪ್ಪ" ಎಂದೆ.

"ಅದು ಸಮುದ್ರದ ತಪ್ಪು, ಖಾಲ್ತಿ."

ಕುಣಿಯಲಾರದವಳಿಗೆ ನೆಲ ಡೊಂಕು. ನನಗಿರುವ ಆಸೆ ಒಂದೇ: ಗಾಡಿಗೆ ಹೇಗಾದರೂ ಜೀವ ಬರಲಿ, ಬುರ್ಜಿಗೆ ಹೋಗಿ ಬರಲಿ, ಆಮೇಲೆ ನನ್ನ ಅಂಗಳ ಬಿಟ್ಟು ತೊಲಗಲಿ. ಅಲ್ಲಿ ನನ್ನ ಹಾಸಿಗೆ ಹೊಲಿಗೆಯ ಉಣ್ಣೆ ಒಣಗಿಸಲು ಜಾಗವಾಗುತ್ತದೆ.

ಫೆಬ್ರವರಿ ೩

ಹನಿ: ಬೆಳಿಗ್ಗೆ ಹಾಕಿದೆ. ಸಂಜೆ ಅವನೇ ಹಾಕಿಕೊಂಡ.

ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳೊಳಗೆ ಎಣ್ಣೆ ಸುರಿದು ಬಿಟ್ಟಿದ್ದಾರೆ. ಎಣ್ಣೆ ಒಳಗೆ ಇಳಿದು ಪಿಸ್ಟನ್ ಬಿಡಿಸಿಕೊಳ್ಳಬೇಕಂತೆ. ದಿನವೂ ಹಲ್ಲುನೋವಿನವರನ್ನು ವಿಚಾರಿಸುವ ಹಾಗೆ ಜಿಲಾನಿ ಹೋಗಿ ಹೋಗಿ ನೋಡಿ ಬರುತ್ತಾನೆ. ನಾನು ಟ್ಯಾಂಕು ತೊಳೆದೆ. ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಬೇಕು ಎಂದು ಬೂರಾವಿ ಹೇಳಿದ. ಅವನಿಗೆ ಕುಲುಕಲು ಬರುವುದಿಲ್ಲ. ಉಣ್ಣೆ ತೊಳೆದು ಬಡಿದ ತೋಳು ನನ್ನದು. ಹೊರಬಂದ ತುಕ್ಕಿನ ನೀರು ನೋಡಿ, ನಿಜ ಹೇಳಬೇಕೆಂದರೆ, ಒಂಥರಾ ಸಮಾಧಾನವಾಯಿತು.

ಫೆಬ್ರವರಿ ೧೯

ಎಂಜಿನ್ ತಿರುಗಿತು! ಮುಂದಿನಿಂದ ಹಿಡಿಕೆ ಹಾಕಿ ಬೂರಾವಿ, ಜಿಲಾನಿ ಇಬ್ಬರೂ ಜೋತುಬಿದ್ದರೂ ಅಲುಗಲಿಲ್ಲ. ನಾನೂ ಕೈ ಹಾಕಿದೆ. ಒಳಗೆಲ್ಲೋ ಹಳೆಯ ಕದ ತೆರೆದಂತೆ ಕಿರ್ ಎಂದು ಅರ್ಧ ಸುತ್ತು ಬಂತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಎಲ್ಲರಿಗೂ ಬಾದಾಮಿ ಹಾಕಿ ಚಹಾ ಮಾಡಿದೆ. ಬೂರಾವಿಗೂ.

ಕಾರ್ಬ್ಯುರೇಟರ್ ನಾನೇ ತೊಳೆದುಕೊಡುತ್ತೇನೆ ಎಂದಿದ್ದೇನೆ. ಅದರ ಸಣ್ಣ ತೂತುಗಳಿಗೆ ಅವನ ದಪ್ಪ ಬೆರಳು ಹೋಗುವುದಿಲ್ಲ. ನನ್ನ ಹತ್ತಿರ ಸೂಜಿಗಳಿವೆ.

ಹನಿ ಈಗ ಅವನೇ ಹಾಕಿಕೊಳ್ಳುತ್ತಾನೆ.

ಮಾರ್ಚ್ ೮

ಇವತ್ತು ಹೊತ್ತಿಕೊಂಡಿತು. ಮೊದಲು ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಹದವಾಗಿ ಗುರುಗುಟ್ಟತೊಡಗಿತು. ಬೀದಿಯವರೆಲ್ಲ ಬಂದು ಇಣುಕಿದರು. ಬ್ರೇಕ್ ಕೂಡ ಹಿಡಿಯುತ್ತಿದೆ. ಜಿಲಾನಿ ಸ್ಟಿಯರಿಂಗ್ ಹಿಂದೆ ಕೂತಿದ್ದ. ಇಪ್ಪತ್ತು ವರ್ಷ ಚಿಕ್ಕವನಾಗಿ ಕಂಡ. ಆಚೆ ಬದಿಯ ಬಾಗಿಲನ್ನು ಒಳಗಿಂದ ತೆರೆದು ಹಿಡಿದ.

"ಬಾ, ಹತ್ತು. ಬೀದಿ ತುದಿ ತನಕ ಹೋಗ್ ಬರೋಣ."

"ಈ ಹಿಕ್ಕೆ ಮೇಲಾ? ಸ್ಪ್ರಿಂಗು ಹೊರಗ್ ಬಂದಿದೆ ನೋಡು."

"ಗೋಣಿ ಹಾಸ್ತೀನಿ. ಬುರ್ಜಿಗೆ ಹೋಗೋದ್ ಬೇಡ. ಸುಮ್ನೆ ಕೂತ್ಕೋ ಒಂದ್ಸಲ."

"ಊರೆಲ್ಲ ಹಾಸಿಗೆ ಹೊಲಿಯೋ ಬೇಯಾ ಹರಕು ಸೀಟಲ್ಲಿ ಕೂತ್ಲು ಅಂತ ಬೀದಿಯೋರು ನಗ್ಲಾ? ಸೀಟು ನಾನ್ ಹೊಲೀತೀನಿ. ಆಮೇಲ್ ಕೂರ್ತೀನಿ, ರಾಣಿ ಥರ."

ತೆರೆದ ಬಾಗಿಲನ್ನು ಎಳೆದು ಹಾಕಿಕೊಂಡ. "ಸರಿ ಬಿಡು. ಸೀಟಾಗ್ಲಿ" ಎಂದು ಎಂಜಿನ್ ಆರಿಸಿದ. ಕಂದು ಕೋಳಿಯನ್ನು ಹಿಂದಿನಿಂದ ಓಡಿಸಿದೆ. ಇನ್ನು ಇದು ಕೋಳಿಗೂಡಲ್ಲ.

ಮಾರ್ಚ್ ೨೦, ಮೌಲಿದ್

ಪ್ರವಾದಿಯ ಹುಟ್ಟುಹಬ್ಬಕ್ಕೆಂದು ಪೈನ್ ಬೀಜದ ಸಿಹಿ ಗಂಜಿ ಅಸೀದಾ ಮಾಡಿ ಮೇಲೆ ಬಾದಾಮಿ, ಪಿಸ್ತಾಗಳಿಂದ ಚಿತ್ತಾರ ಬಿಡಿಸಿದ್ದೆ. ಇವನು ಚಮಚವನ್ನು ಬಟ್ಟಲಿನ ಪಕ್ಕದಲ್ಲಿ ಇಳಿಸಿ ಹೊಸ ಮೇಜುಬಟ್ಟೆಯ ಮೇಲೆಲ್ಲಾ ಚೆಲ್ಲಿದ. ಬೈದೆ. ವಯಸ್ಸಾಗುತ್ತಾ ಗಂಡಸರು ಮಕ್ಕಳಾಗುತ್ತಾರೆ. ಚಿತ್ತಾರ ಹೇಗಿದೆ ಎಂದರೆ, "ಯಾವತ್ತಿನ ಹಾಗೇ ಚೆನ್ನಾಗಿದೆ" ಎಂದ. ಈ ಸಲ ನಾನು ಹೂವು ಬಿಟ್ಟು ಮೀನು ಬಿಡಿಸಿದ್ದೆ. ಗಮನ ಎಲ್ಲಿದೆಯೋ.

ಮಧ್ಯಾಹ್ನ ಮೂರೂ ಸಾಲಿನ ಸೀಟು ಬಿಚ್ಚಿ ಹೊರಗಿಟ್ಟೆವು. ಒಳಗಿನ ತೆಂಗಿನ ನಾರು ಪುಡಿಯಾಗಿದೆ. ಹಳೇ ಕಾಲದವರು ಸ್ಪ್ರಿಂಗುಗಳನ್ನು ಒಂದಕ್ಕೊಂದು ದಾರದಿಂದ ಬಿಗಿದ ರೀತಿ ನೋಡಿ ಮೆಚ್ಚಿದೆ. ನಾನೂ ಹಾಗೇ ಬಿಗಿಯುತ್ತೇನೆ. ಮೇಲೆ ಉಣ್ಣೆ ತುಂಬುತ್ತೇನೆ. ಇಂಥ ಸೀಟು ಟುನೀಸಿಯಾದ ಯಾವ ಗಾಡಿಗೂ ಇರಕೂಡದು.

ಏಪ್ರಿಲ್ ೪, ಶುಕ್ರವಾರ

ಮಹ್ದಿಯಾದ ಶುಕ್ರವಾರದ ಸಂತೆಯಿಂದ ಎರಡು ಬಗೆಯ ಬಟ್ಟೆ ತಂದೆ. ಒಂದು ದಾಳಿಂಬೆ ಕೆಂಪು, ಇನ್ನೊಂದು ಕಡುನೀಲಿ ಪಟ್ಟೆಯದು. ಎರಡನ್ನೂ ಜಿಲಾನಿಯ ಮಡಿಲಿಗೆ ಹಾಕಿ ಯಾವುದು ಎಂದೆ. ಕಣ್ಣೆತ್ತಿಯೂ ನೋಡದೆ ಎರಡನ್ನೂ ಬೆರಳಲ್ಲಿ ಉಜ್ಜಿ, "ಇದು ಬಾಳಿಕೆ ಬರುತ್ತೆ" ಎಂದು ನೀಲಿಯದನ್ನು ಕೊಟ್ಟ. ಬಟ್ಟೆಯನ್ನು ಮುಟ್ಟಿ ಆರಿಸಬೇಕು ಎಂದು ಇಷ್ಟು ವರ್ಷ ಹೇಳಿದ್ದು ಅಂತೂ ತಲೆಗೆ ಹೋಗಿದೆ. ಖುಷಿಯಾಯಿತು.

ಬೂರಾವಿ ಬಂದವನು, "ಗಾಡಿ ರೇಡಿಯೋ ಯಾವಾಗ ರಿಪೇರಿಯಾಯ್ತು, ಖಾಲ್ತಿ? ಹಾಡು ಬೀದಿಗೆ ಕೇಳಿಸ್ತಿತ್ತು" ಎಂದ. ಯಾವ ರೇಡಿಯೋ? ಅದರ ತಂತಿಯನ್ನು ಇಲಿ ತಿಂದು ಕಾಲವಾಗಿದೆ. ದೋಣಿಯ ಸದ್ದಿಗೆ ಅವನ ಕಿವಿ ಕೆಟ್ಟಿರಬೇಕು.

ಏಪ್ರಿಲ್ ೧೭

ಬಿಳಿ ಬಣ್ಣ ಒಣಗಿತು. ಇವತ್ತು ಉದ್ದಕ್ಕೆ ಕೆಂಪು ಪಟ್ಟಿ ಎಳೆದೆವು, ದೂರದ ಊರಿನ ಲುವಾಜ್‌ಗಿರುವ ಪಟ್ಟಿ. ಈಗ ಬಾಡಿಗೆಗೇನೂ ಓಡುವುದಿಲ್ಲ, ಆದರೂ ಪಟ್ಟಿಯಿಲ್ಲದಿದ್ದರೆ ಅದು ನಮ್ಮ ಗಾಡಿಯೇ ಅಲ್ಲ. ಅಂಚಿಗೆ ನಾನು ಗೋಂದಿನ ಕಾಗದ ಅಂಟಿಸಿದೆ, ಬೂರಾವಿ ಬಣ್ಣ ಬಳಿದ. ಜಿಲಾನಿ ಹೆಬ್ಬೆರಳಿನಿಂದ ಅಂಚು ಸವರುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಹೆಬ್ಬೆರಳು ಕೆಂಪಾಯಿತು, ನನ್ನ ಪಟ್ಟಿಯೂ ಕೆಟ್ಟಿತು.

"ಹಸಿ ಇದೆ ಅಂತ ಕಾಣಲ್ವಾ ನಿಂಗೆ?" ಎಂದು ಕೂಗಾಡಿದೆ.

ಬೂರಾವಿ ಬ್ರಷ್ ಕೆಳಗಿಟ್ಟು, "ಖಾಲ್ತಿ, ಅಮ್ಮಿ ಜಿಲಾನಿಗೆ..." ಎಂದು ಶುರು ಮಾಡಿದ.

"ಅವನ ಪರ ವಹಿಸ್ಬೇಡ" ಎಂದು ಬಾಯಿ ಮುಚ್ಚಿಸಿದೆ. ಜಿಲಾನಿ ನಗುತ್ತಿದ್ದ. ಬೈಸಿಕೊಂಡು ನಗುವವನಿಗೆ ಏನು ಹೇಳುವುದು. ಆ ಭಾಗ ಮತ್ತೆ ಬಳಿದೆವು.

ಏಪ್ರಿಲ್ ೩೦

ಇತ್ತೀಚೆಗೆ ಇವನು ಕೆಫೆಗೆ ಇಸ್ಪೀಟಾಡಲು ಹೋಗುವುದೇ ಇಲ್ಲ. ಕೇಳಿದರೆ ಬೇಜಾರು ಎನ್ನುತ್ತಾನೆ. ಅಂಜೂರದ ಕೆಳಗೆ ಕುರ್ಚಿ ಹಾಕಿಕೊಂಡು ನಾನು ಹೊಲಿಯುವಷ್ಟು ಹೊತ್ತೂ ಪಕ್ಕದಲ್ಲೇ ಇರುತ್ತಾನೆ. ಮದುವೆಯಾದಾಗಿನಿಂದ ಈ ಮನುಷ್ಯ ಇಷ್ಟು ದಿನ ಮನೆಯಲ್ಲಿದ್ದದ್ದಿಲ್ಲ. ಸ್ಟ್ಯಾಂಡಿನ ಕಥೆಗಳನ್ನು ಹೇಳುತ್ತಾನೆ. ಒಬ್ಬಳು ಮುದುಕಿ ತನ್ನ ಆಡಿಗೂ ಒಂದು ಸೀಟಿನ ದುಡ್ಡು ಕೊಟ್ಟು ಕಿಟಕಿ ಬದಿಯೇ ಬೇಕು ಎಂದು ಹಟ ಹಿಡಿದಳಂತೆ. ನಗು ತಡೆಯಲಾಗದೆ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನಾನ್ ಬರೋ ಹೊತ್ಗೆ ನೀನ್ ಕೋಪದಲ್ಲಿರ್ತಿದ್ದೆ" ಎಂದ.

ಎರಡು ಸಾಲು ಸೀಟು ಮುಗಿದಿವೆ. ಮುಂದಿನದು ಬಾಕಿ. ಅದನ್ನು ಕೊನೆಗಿಟ್ಟುಕೊಂಡಿದ್ದೇನೆ, ಕೈ ಪಳಗಿದ ಮೇಲೆ ಮಾಡಬೇಕು.

ಮೇ ೯

ಮುಂದಿನ ಸೀಟೂ ಆಯಿತು. ಬೆಣ್ಣೆಯ ಹಾಗಿದೆ. ಹಿಂದಿನ ಗಾಜು ಸ್ಫಾಕ್ಸ್‌ನ ಗುಜರಿಯಲ್ಲಿ ಸಿಕ್ಕಿತು, ಅದರ ಸುತ್ತ ಕೂರಿಸುವ ರಬ್ಬರ್ ಮಾತ್ರ ಸಿಕ್ಕಿಲ್ಲ. ರಾಜಧಾನಿ ಟುನಿಸ್‌ನಿಂದ ತರಿಸುತ್ತೇನೆ ಎಂದು ಬೂರಾವಿ ಹೇಳಿ ವಾರವಾಯಿತು.

"ಮಳೆಯಿಲ್ಲ, ಚಳಿಯಿಲ್ಲ. ಗಾಜಿಲ್ದೇನೇ ಹೋಗೋಣ, ಬೇಯಾ. ನಾಳೇನೇ" ಎಂದ ಜಿಲಾನಿ.

"ಇಷ್ಟೆಲ್ಲಾ ಮಾಡಿ ಹಿಂದೆ ತೂತು ಬಿಟ್ಕೊಂಡ್ ಹೋಗೋದಾ? ಕೊನೇದೊಂದು ಬರ್ಲಿ."

ಅವನು ಜೋರಾಗಿ ನಕ್ಕ. "ಮೂವತ್ ವರ್ಷ ಬೈದು ಕೊನೆಗೆ ನನ್ ಮಾತೇ ಕದ್ಯಲ್ಲ."

ಏನು ಕದ್ದೆ ಎಂದು ಆಗ ಹೊಳೆಯಲಿಲ್ಲ. ಬರೆಯುವಾಗ ಹೊಳೆಯಿತು. ಆದರೂ ಅದು ಬೇರೆ, ಇದು ಬೇರೆ. ಅವನು ಗಿರಾಕಿಗೆ ಕಾಯುತ್ತಿದ್ದ, ನಾನು ಕೆಲಸ ಅಚ್ಚುಕಟ್ಟಾಗಲಿ ಎಂದು ಕಾಯುತ್ತಿದ್ದೇನೆ.

ಮೇ ೨೩

ರಬ್ಬರ್ ಬಂತು. ಗಾಜು ಕೂತಿತು. ಕನ್ನಡಿಗೆ ಸಣ್ಣದೊಂದು ಬೆಳ್ಳಿ ಮೀನು ಕಟ್ಟಿದ್ದೇನೆ, ದೃಷ್ಟಿ ತಾಕದಿರಲಿ ಎಂದು. ಭಾನುವಾರ ಬೆಳಿಗ್ಗೆ ಹೊರಡುವುದು. ಪ್ರಯಾಣಕ್ಕೆಂದು ಹಳದಿ ಉಡುಪನ್ನು ಇಸ್ತ್ರಿ ಮಾಡಿಟ್ಟೆ. ಬುರ್ಜ್ ಎಂದರೆ ಊರಂಚಿನ ಹಳೇ ಗೋಪುರ, ನಡೆದೇ ಹೋಗಬಹುದು. ಆದರೂ ಹಜ್ಜಿಗೆ ಹೊರಟವಳ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ.

ಮೇ ೨೫, ಭಾನುವಾರ

ಬರೆಯುವುದು ಬೇಡ ಅಂದುಕೊಂಡಿದ್ದೆ. ಬರೆಯದಿದ್ದರೆ ಹೊಟ್ಟೆಯೊಳಗೇ ಉಳಿಯುತ್ತದೆ.

ಬೆಳಿಗ್ಗೆ ಹಳದಿ ಉಡುಪು ತೊಟ್ಟು ಗಾಡಿಯ ಮುಂದೆ ನಿಂತೆ. ಜಿಲಾನಿ ಅಂಜೂರದ ಕೆಳಗಿದ್ದ. "ಹೇಗಿದೀನಿ?" ಎಂದೆ. "ಚೆನ್ನಾಗಿದೀಯ" ಎಂದ. ತಿಂಡಿಬುಟ್ಟಿ ನೆನಪಾಗಿ, ಮಾತಾಡದೆ ಗಾಡಿಯ ಹಿಂಬದಿಗೆ ಹೋಗಿ ಬಾಗಿಲೆತ್ತಿ ಇಡುತ್ತಿದ್ದೆ. ಅವನು ಮಾತಾಡುತ್ತಲೇ ಇದ್ದ. ನಾನು ಮೊದಲು ನಿಂತಿದ್ದ ಜಾಗಕ್ಕೆ ಮುಖ ಮಾಡಿಕೊಂಡು, ಖಾಲಿ ಜಾಗಕ್ಕೆ ನಗುತ್ತಾ, "ಆ ಬಿಳೀದೇ ನಿಂಗೆ ಒಪ್ಪುತ್ತೆ. ಮದುವೆಗೆ ಹೋಗೋಳ್ ಥರ ಇದೀಯ" ಎನ್ನುತ್ತಿದ್ದ.

ಹತ್ತಿರ ಹೋಗಿ ಎದುರು ನಿಂತೆ. ಅವನ ಕಣ್ಣು ನನ್ನ ಭುಜದಾಚೆ ಎಲ್ಲೋ ಇತ್ತು.

"ಯಾವಾಗಿಂದ?" ಎಂದೆ.

ಸುಳ್ಳು ಹೇಳಲಿಲ್ಲ. "ಎಂಜಿನ್ ಹೊತ್ಕೊಂಡ್ ದಿನ ಇನ್ನೂ ಇತ್ತು. ಮೌಲಿದ್ ಹೊತ್ಗೆ ಮಬ್ಬು. ಆಮೇಲೆ ಬರೀ ಬೆಳಕು, ನೆರಳು. ಈಗ ಅದೂ ಅಷ್ಟಕ್ಕಷ್ಟೇ."

"ಬೂರಾವಿಗೆ ಗೊತ್ತಿತ್ತಾ?"

"ಹೇಳ್ಬೇಡ ಅಂದಿದ್ದೆ."

"ನನ್ ಹತ್ರ ಯಾಕ್ ಮುಚ್ಚಿಟ್ಟೆ, ಜಿಲಾನಿ? ಸೂಜಿ ಬಿಸಾಕಿ ಅವತ್ತೇ ಹೊರಡ್ತಿದ್ದೆನಲ್ಲ."

"ಅವತ್ತು ಹೊರಟ್ರೂ ತಡವಾಗಿರ್ತಿತ್ತು. ಮತ್ತೆ, ನೀನು ಹಾಡ್ತಿದ್ದೆ."

"ನಾನಾ?"

"ಹೊಲಿಯೋವಾಗ. ದಿನಾ. ಈ ಮನೇಲಿ ನಿನ್ ಹಾಡು ನಾನ್ ಕೇಳಿದ್ದಿಲ್ಲ. ಹೇಳಿದ್ರೆ ನಿಲ್ಸ್ತೀಯ ಅನ್ನಿಸ್ತು."

ಅಳು ಬಂತು. ಕೋಪವೂ ಬಂತು. ಆ ಗಾಡಿಗೆ ಒಂದು ಒದೆ ಕೊಡೋಣ ಅನ್ನಿಸಿತು. ಅಷ್ಟರಲ್ಲಿ ಬೂರಾವಿ ತಲೆಗೆ ಎಣ್ಣೆ ಹಚ್ಚಿ, ಅಂಗಿ ಬದಲಿಸಿಕೊಂಡು ಬಂದ. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತ. ನಾನು ಬೈಯಲಿಲ್ಲ.

ಹೋಗುವುದು ಬೇಡ ಎಂದೆ. ಜಿಲಾನಿ ಎದ್ದು, ಕೈಯಿಂದ ಕೆಂಪು ಪಟ್ಟಿಯನ್ನು ಹಿಡಿದುಕೊಂಡೇ ನಡೆದು ಬಾಗಿಲು ತೆರೆದ. "ಸ್ಟಿಯರಿಂಗ್ ಬೂರಾವಿ ಹಿಡೀಲಿ. ನಾನ್ ಮಧ್ಯೆ ಕೂರ್ತೀನಿ. ಕಿಟಕಿ ನಿಂದು."

ಹಾಗೆ ನಾನು ಮುಂದಿನ ಸೀಟಿನಲ್ಲಿ ಕೂತೆ. ಗೇರಿನ ಹಿಡಿಕೆ ಸ್ಟಿಯರಿಂಗಿನ ಕೆಳಗಿದೆ. ಬೂರಾವಿ ಅದಕ್ಕೆ ಕೈ ಹಾಕಿದರೆ ಜಿಲಾನಿ ಬಿಡಲಿಲ್ಲ. "ಕ್ಲಚ್ ನೀನ್ ಒತ್ತು. ಗೇರ್ ನಂದು." ಎಂಜಿನ್ನಿನ ದನಿ ಕೇಳಿಯೇ ಹಾಕಿದ, ಒಂದು ಸಲವೂ ಕರಕರ ಎನ್ನಲಿಲ್ಲ. ಹೊರಡುವ ಮುಂಚೆ ಅಭ್ಯಾಸಬಲದಿಂದ ತಲೆಯನ್ನು ಹಿಂದಕ್ಕೆ ತಿರುಗಿಸಿ ಕೇಳಿದ, "ಸೀಟ್ ತುಂಬ್ತಾ?"

ಹಿಂದೆ ಎರಡು ಸಾಲು ಹೊಸ ಸೀಟು ಖಾಲಿ ಬಿದ್ದಿದ್ದವು.

"ತುಂಬಿಲ್ಲ. ಹೊರಡೋಣ" ಎಂದೆ.

ಬುರ್ಜಿನ ಹತ್ತಿರ ಬೂರಾವಿ ಇಳಿದು ಬಂಡೆಗಳ ಕಡೆ ಹೋದ. ನಾವಿಬ್ಬರೇ ಉಳಿದೆವು. ಎದುರಿಗೆ ಸಮುದ್ರವಿತ್ತು, ಯಾರೋ ಹೆಂಗಸರು ಉಣ್ಣೆ ತೊಳೆದು ಬಂಡೆಗೆ ಹರವಿದ್ದರು. ಅದನ್ನೆಲ್ಲ ಹೇಳತೊಡಗಿದೆ: ನೀರು ಹೀಗಿದೆ, ದೋಣಿ ಅಲ್ಲಿದೆ. ಮಾತಿನಲ್ಲಿ ಊರಿಗೇ ಮೊದಲಿಗಳಾದ ನನಗೆ ಒಂದು ವಾಕ್ಯ ನೆಟ್ಟಗೆ ಬರಲಿಲ್ಲ. ಅವನು ಕೈಯೆತ್ತಿ ತಡೆದ.

"ಅದ್ ಬಿಡು, ಬೇಯಾ. ಈ ದಾರಿ, ಈ ನೀರು ನಂಗೆ ಬಾಯಿಪಾಠ. ನೋಡ್ಬೇಕು ಅಂದಿದ್ದು ಅದನ್ನಲ್ಲ."

"ಮತ್ತೆ?"

"ಆ ಸೀಟಲ್ಲಿ ಊರೋರೆಲ್ಲ ಕೂತಿದ್ದು ನೋಡಿದೀನಿ. ನೀನ್ ಕೂತಿದ್ದು ಒಂದೇ ಒಂದ್ಸಲಾನೂ ನೋಡಿಲ್ಲ."

ನನ್ನ ಮುಖದ ಮೇಲೆ ಕೈಯಾಡಿಸಿದ. ಆಮೇಲೆ ಸೀಟಿನ ಹೊಲಿಗೆಯ ಮೇಲೆ ಕೈಯಾಡಿಸಿ, "ಚೆನ್ನಾಗ್ ಹೊಲಿದಿದೀಯ" ಎಂದ.

ಜೂನ್ ೨

ಸ್ಫಾಕ್ಸ್‌ಗೆ ಹೋಗಿ ಬಂದೆವು. ಹನಿ ತಪ್ಪದೆ ಹಾಕಿದ್ದರೂ ಇಷ್ಟೇ ಆಗುತ್ತಿತ್ತು ಎಂದರು ಡಾಕ್ಟರು. ನನ್ನ ಸಮಾಧಾನಕ್ಕೆ ಹೇಳಿರಬಹುದು. ಈ ಡೈರಿಯನ್ನು ಹಿಂದಕ್ಕೆ ತಿರುವಿ ನೋಡಿದೆ. ಫೆಬ್ರವರಿ ಆದಮೇಲೆ ಹನಿಯ ಮಾತೇ ಇಲ್ಲ. ಸ್ಪ್ರಿಂಗು, ನೂಲು, ಬಣ್ಣ, ರಬ್ಬರು. ಈಗ ಬೆಳಿಗ್ಗೆ ಸಂಜೆ ನಾನೇ ಹಾಕುತ್ತಿದ್ದೇನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಗಾಡಿ ತೊಲಗಿಸುವ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಹೊಲಿಯಲು ಕೂತರೆ ಅವನು ಕುರ್ಚಿ ಹತ್ತಿರ ಎಳೆದುಕೊಂಡು ಕಾಯುತ್ತಾನೆ. ಯಾತಕ್ಕೆಂದು ನನಗೆ ಗೊತ್ತು. ಇವತ್ತು ಹಾಡಲು ಪ್ರಯತ್ನಪಟ್ಟೆ. ಆಗಲಿಲ್ಲ, ಸೂಜಿಗೆ ನೂಲು ಪೋಣಿಸುತ್ತಾ ಕೂತೆ.

ಸಂಜೆ ಹಿಂಬಾಗಿಲು ತೆರೆದೇ ಉಳಿದಿತ್ತು. ಕಂದು ಕೋಳಿ ಮೆಲ್ಲಗೆ ಒಳಗೆ ಹತ್ತಿ, ಸೀಟಿನಿಂದ ಸೀಟಿಗೆ ಹಾರಿ, ಮುಂದಿನದರ ಮೇಲೆ ಕಾಲು ಮಡಚಿ ಕೂತಿತು. ನೀಲಿ ಪಟ್ಟೆಯ ಬಟ್ಟೆಯನ್ನು ಕೆಡಿಸುತ್ತದೆ ಎಂದು ಗೊತ್ತಿದ್ದೂ ಓಡಿಸಲಿಲ್ಲ. ಎಂಜಿನ್ ಹೊತ್ತಿಕೊಂಡ ಆ ದಿನ ಅದರ ಹಿಕ್ಕೆಯ ಮೇಲೆ ಗೋಣಿ ಹಾಸಿ ಒಂದು ಗಳಿಗೆ ಕೂತಿದ್ದರೆ, ಅವನು ನನ್ನನ್ನು ನೋಡಿರುತ್ತಿದ್ದ.